ಓದುಗರ ಪ್ರಶ್ನೆ: ಮೊನ್ಸೋನ್ ಎದುರು ಹ್ಯಾಗ್ಲರ್ ಗೆಲ್ಲುತ್ತಿದ್ದರೇ?

ಪ್ರಶ್ನೆ: ಮಿಡಲ್‌ವೇಟ್ (160 ಪೌಂಡ್ ತೂಕದ ಮಿತಿಯ) ಬಾಕ್ಸಿಂಗ್ ಚಾಂಪಿಯನ್ನರಾಗಿದ್ದ ಅರ್ಜೆಂಟೀನಾದ ಕಾರ್ಲೋಸ್ ಮೊನ್ಸೋನ್ ಮತ್ತು ಅಮೆರಿಕದ ಮಾರ್ವಿನ್ ಹ್ಯಾಗ್ಲರ್ ಒಂದೇ ಕಾಲದಲ್ಲಿ ರಿಂಗ್‌ಗೆ ಇಳಿದಿದ್ದರೆ ಯಾರು ಗೆಲ್ಲುತ್ತಿದ್ದರು ಎಂಬುದು ನಮ್ಮ ಗೆಳೆಯರ ಬಳಗದಲ್ಲಿ ಬಹುದಿನದ ಚರ್ಚೆ. ಇವರು ಅವರನ್ನು ಸೋಲಿಸಿದರು, ಅವರು ಇನ್ನೊಬ್ಬರನ್ನು ಸೋಲಿಸಿದರು ಎಂದು ಕೊಂಡಿ ಜೋಡಿಸುತ್ತಾ ಹೋದರೆ ಉತ್ತರ ಸಿಗುತ್ತದೆಯೇ? (ಧಾರವಾಡದ ಓದುಗರು)

ಉತ್ತರ: ಕೊಂಡಿ ಜೋಡಿಸುವ ಲೆಕ್ಕವನ್ನು ದಯವಿಟ್ಟು ಕೈಬಿಡಿ. 1984ರಲ್ಲಿ ಥಾಮಸ್ ಹರ್ನ್ಸ್ ಎರಡೇ ಸುತ್ತುಗಳಲ್ಲಿ ರೊಬೆರ್ಟೊ ಡುರಾನ್ ಅವರನ್ನು ನೆಲಕ್ಕೆ ಕೆಡವಿದರು. 1988ರಲ್ಲಿ ಅದೇ ಹರ್ನ್ಸ್ ಅವರನ್ನು ಐರನ್ ಬಾರ್ಕ್ಲಿ ಮೂರನೆಯ ಸುತ್ತಿನಲ್ಲಿ ಕೆಡವಿದರು. ಮರುವರ್ಷ ಆ ಬಾರ್ಕ್ಲಿಯನ್ನು 37ರ ವಯಸ್ಸಿನ ಡುರಾನ್ ಅಂಕಗಳ ಮೇಲೆ ಸೋಲಿಸಿ ಮಿಡಲ್‌ವೇಟ್ ಪಟ್ಟ ಪಡೆದರು. ಮೂವರೂ ಒಬ್ಬರನ್ನೊಬ್ಬರು ಸುತ್ತಿ ಬಂದರೇ ಹೊರತು ಯಾರು ಮೇಲು ಎಂಬುದು ಅದರಿಂದ ತಿಳಿಯಲಿಲ್ಲ. ಒಬ್ಬ ಬಾಕ್ಸರನ ಶೈಲಿ ಇನ್ನೊಬ್ಬನ ಶೈಲಿಗೆ ಹೇಗೆ ಎದುರಾಗುತ್ತದೆ ಎಂಬುದನ್ನೂ, ಪಂದ್ಯದ ಷರತ್ತುಗಳು ಯಾವ ಕಾಲದವು ಎಂಬುದನ್ನೂ ಮೊದಲು ನಿಗದಿ ಮಾಡಿಕೊಳ್ಳದೆ ಈ ಚರ್ಚೆಗೆ ಕೈಹಾಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಷರತ್ತುಗಳಿಗೆ ಇಷ್ಟೊಂದು ಮಹತ್ವ ಏಕೆ ಎಂಬುದಕ್ಕೆ ಹ್ಯಾಗ್ಲರ್ ಅವರ ಕೊನೆಯ ಪಂದ್ಯವೇ ಸಾಕ್ಷಿ. 1987ರ ಏಪ್ರಿಲ್‌ನಲ್ಲಿ ಶುಗರ್ ರೇ ಲಿಯೊನಾರ್ಡ್ ಅವರೊಂದಿಗೆ ಸೆಣಸಲು ಒಪ್ಪಿದಾಗ, ಹೆಚ್ಚಿನ ಹಣ ಹ್ಯಾಗ್ಲರ್ ಪಾಲಿಗೆ ಬಂತು. ಅದಕ್ಕೆ ಪ್ರತಿಯಾಗಿ 15ರ ಬದಲು 12 ಸುತ್ತುಗಳು, ದೊಡ್ಡ ರಿಂಗ್ ಮತ್ತು 10 ಔನ್ಸ್‌ನ ಗ್ಲೌಸ್ ಎಂಬ ಮೂರು ಅನುಕೂಲಗಳನ್ನು ಲಿಯೊನಾರ್ಡ್ ಪಡೆದುಕೊಂಡರು. ಎಡಗೈ ಶೈಲಿಯ ಹ್ಯಾಗ್ಲರ್ ಅಂದು ಏಕೋ ಬಲಗೈ ಬಾಕ್ಸರನಂತೆ ನಿಂತು ಆರಂಭದ ಸುತ್ತುಗಳನ್ನು ಬಿಟ್ಟುಕೊಟ್ಟರು. ಆ ನಷ್ಟವನ್ನು ತುಂಬಿಕೊಳ್ಳಲು ಉಳಿದ ಸುತ್ತುಗಳು ಸಾಲಲಿಲ್ಲ. ಮೂವರು ತೀರ್ಪುಗಾರರಲ್ಲಿ ಇಬ್ಬರು ಲಿಯೊನಾರ್ಡ್ ಪರವಾಗಿ ಅಂಕ ಕೊಟ್ಟರು. ಇನ್ನೂ ಮೂರು ಸುತ್ತುಗಳಿದ್ದಿದ್ದರೆ ಎಂಬ ಮಾತು ಇಂದಿಗೂ ನಿಂತಿಲ್ಲ. ಅದು ಬರಿಯ ಅಭಿಮಾನದ ಮಾತಲ್ಲ, ಏಕೆಂದರೆ 1983ರಲ್ಲಿ ಡುರಾನ್ ಎದುರು 13 ಸುತ್ತುಗಳು ಮುಗಿದಾಗ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಹ್ಯಾಗ್ಲರ್ ಒಂದು ಅಂಕ ಹಿಂದಿದ್ದರು, ಮೂರನೆಯವರ ಲೆಕ್ಕದಲ್ಲಿ ಸಮಬಲವಿತ್ತು. ಕೊನೆಯ ಎರಡು ಸುತ್ತುಗಳನ್ನು ಗೆದ್ದೇ ಅವರು ಅಂದು ಪಟ್ಟ ಉಳಿಸಿಕೊಂಡದ್ದು.

ಇನ್ನು ಮೊನ್ಸೋನ್. 1964ರ ಬಳಿಕ ಒಮ್ಮೆಯೂ ಸೋಲದೆ, 1970ರಲ್ಲಿ ರೋಮ್‌ನಲ್ಲಿ ನಿನೊ ಬೆನ್ವೆನುಟಿ ಅವರನ್ನು 12ನೆಯ ಸುತ್ತಿನಲ್ಲಿ ಕೆಡವಿ ಪಟ್ಟ ಪಡೆದು, 14 ಬಾರಿ ಉಳಿಸಿಕೊಂಡು, 1977ರಲ್ಲಿ ಚಾಂಪಿಯನ್ ಆಗಿಯೇ ನಿವೃತ್ತರಾದವರು. (ಸಂಗಾತಿಯ ಕೊಲೆಗಾಗಿ ಮುಂದೆ ಶಿಕ್ಷೆಗೆ ಒಳಗಾದ ಈ ಮನುಷ್ಯನ ಆಟವನ್ನು ಮೆಚ್ಚುವಾಗ ಆ ಸಂಗತಿಯನ್ನು ಬದಿಗಿಡಲು ನನಗೆ ಮನಸ್ಸಾಗದು, ಆದರೆ ನೀವು ಕೇಳಿರುವುದು ರಿಂಗ್‌ನೊಳಗಿನ ಮಾತು.) ಅವರ ಕೊನೆಯ ಪಂದ್ಯವನ್ನು ಗಮನವಿಟ್ಟು ನೋಡಿ. ಮಾಂಟೆ ಕಾರ್ಲೊದಲ್ಲಿ, 35ರ ಹೊಸ್ತಿಲಲ್ಲಿದ್ದಾಗ, ರೊಡ್ರಿಗೊ ವಾಲ್ಡೆಜ್ ಅವರ ಬಲಗೈ ಹೊಡೆತಕ್ಕೆ ಎರಡನೆಯ ಸುತ್ತಿನಲ್ಲೇ ಕೆಳಗೆ ಬಿದ್ದವರು ಎದ್ದರು, ಗಾಬರಿಯಾಗಲಿಲ್ಲ, ತೋಳಳತೆಯ ದೂರದಲ್ಲಿ ನಿಂತು ಎಡಗೈಯ ಜಾಬ್‌ನಿಂದ (ಚುರುಕಾದ ನೇರ ಹೊಡೆತದಿಂದ) ಎದುರಾಳಿಯನ್ನು ತಡೆಯುತ್ತಾ ತಡೆಯುತ್ತಾ ಪಂದ್ಯವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು 15 ಸುತ್ತುಗಳ ಕೊನೆಯಲ್ಲಿ ಗೆದ್ದರು.

ಹ್ಯಾಗ್ಲರ್ ಎತ್ತರದವರಿಗೆ ಹೆದರಿದವರಲ್ಲ. ಮೊನ್ಸೋನ್‌ಗಿಂತಲೂ ಎತ್ತರವಿದ್ದ ಹರ್ನ್ಸ್ ಅವರನ್ನು 1985ರಲ್ಲಿ ಹಣೆಯಿಂದ ರಕ್ತ ಸುರಿಯುತ್ತಿದ್ದರೂ ಮೂರೇ ಸುತ್ತುಗಳಲ್ಲಿ ಮುಗಿಸಿದರು. ಆದರೆ ಹರ್ನ್ಸ್ ಅಂದು ಹೊಡೆತಕ್ಕೆ ಹೊಡೆತ ಕೊಡಲು ನಿಂತರು. ಮೊನ್ಸೋನ್ ಹಾಗೆ ನಿಲ್ಲುವವರಲ್ಲ. ಹ್ಯಾಗ್ಲರ್ ಅವರನ್ನು ಕಾಡಿದ್ದು ಯಾವಾಗಲೂ ಡುರಾನ್, ಲಿಯೊನಾರ್ಡ್ ಅವರಂತೆ ಕಾದು, ಅಳೆದು, ಸುತ್ತುಗಳನ್ನು ಕದಿಯುವವರೇ. ಆದ್ದರಿಂದ 12 ಸುತ್ತುಗಳ ಪಂದ್ಯವಾದರೆ ಮೊನ್ಸೋನ್ ಎಂದು ಧೈರ್ಯವಾಗಿ ಹೇಳುತ್ತೇನೆ. 15 ಸುತ್ತುಗಳಾದರೂ ನನ್ನ ಆಯ್ಕೆ ಅವರೇ, ಆದರೆ ಅಷ್ಟು ಧೈರ್ಯವಿಲ್ಲ.

ಪ್ರಶ್ನೆ: ಶುಗರ್ ರೇ ರಾಬಿನ್ಸನ್ ಇವರಿಬ್ಬರನ್ನೂ ಸುಲಭವಾಗಿ ಸೋಲಿಸುತ್ತಿದ್ದರಲ್ಲವೇ? (ಮೈಸೂರಿನ ಓದುಗರು)

ಉತ್ತರ: ಸುಲಭವಾಗಿ ಅಲ್ಲ. ಜಗತ್ತು ಕೊಂಡಾಡುವ ರಾಬಿನ್ಸನ್ ಬಹುಮಟ್ಟಿಗೆ 147 ಪೌಂಡ್‌ಗಳ ವೆಲ್ಟರ್‌ವೇಟ್ ರಾಬಿನ್ಸನ್. 1951ರ ಫೆಬ್ರುವರಿ 14ರಂದು ಷಿಕಾಗೋದಲ್ಲಿ ಜೇಕ್ ಲಮೊಟಾ ಅವರನ್ನು 13ನೆಯ ಸುತ್ತಿನಲ್ಲಿ ನಿಲ್ಲಿಸಿ ಮಿಡಲ್‌ವೇಟ್ ಪಟ್ಟ ಪಡೆಯುವ ಹೊತ್ತಿಗೆ ಅವರಿಗೆ 30 ತುಂಬುತ್ತಾ ಬಂದಿತ್ತು. ಈ ತೂಕದಲ್ಲಿ ಅವರು ಐದು ಬಾರಿ ಪಟ್ಟ ಗೆದ್ದರು ಎಂದು ಹೊಗಳುವವರು, ಐದು ಬಾರಿ ಗೆಲ್ಲಬೇಕಾದರೆ ನಡುವೆ ಕಳೆದುಕೊಂಡಿರಲೂ ಬೇಕು ಎಂಬುದನ್ನು ಮರೆಯುತ್ತಾರೆ. ಯುರೋಪಿನಲ್ಲಿ ಒಂದರ ಹಿಂದೊಂದು ಪಂದ್ಯ ಆಡಿ ಲಂಡನ್ನಿಗೆ ಬಂದಿದ್ದ ಅವರನ್ನು 1951ರ ಜುಲೈನಲ್ಲಿ ರಾಂಡಿ ಟರ್ಪಿನ್ ಸೋಲಿಸಿದ್ದು ಬಲವಾದ ಜಾಬ್ ಮತ್ತು ಅಡ್ಡಾದಿಡ್ಡಿ ಶೈಲಿಯಿಂದ. ಅದಕ್ಕಿಂತ ಉದ್ದದ, ಅದಕ್ಕಿಂತ ಶಿಸ್ತಿನ ಜಾಬ್ ಮೊನ್ಸೋನ್ ಅವರದು.

ಹಾಗೆಂದು ರಾಬಿನ್ಸನ್ ಅವರನ್ನು ಯಾವ ಕ್ಷಣದಲ್ಲೂ ಲೆಕ್ಕದಿಂದ ಹೊರಗಿಡಲಾಗದು. 1957ರ ಮೇ 1ರಂದು ಜೀನ್ ಫುಲ್ಮರ್ ಮುನ್ನುಗ್ಗಿ ಬರುತ್ತಿದ್ದಾಗ, ಐದನೆಯ ಸುತ್ತಿನಲ್ಲಿ, ರಾಬಿನ್ಸನ್ ಹಿಂದೆ ಸರಿಯುತ್ತಲೇ ಹೊಡೆದ ಎಡಗೈ ಹುಕ್ (ಮೊಣಕೈ ಬಾಗಿಸಿ ಬದಿಯಿಂದ ಬೀಸುವ ಹೊಡೆತ) ಒಂದು ನೇರವಾಗಿ ಗದ್ದಕ್ಕೆ ತಾಗಿತು. ಅದುವರೆಗೆ ಯಾರಿಂದಲೂ ನಾಕೌಟ್ ಆಗದಿದ್ದ ಫುಲ್ಮರ್ ರೆಫರಿ ಹತ್ತು ಎಣಿಸುವುದರೊಳಗೆ ಏಳಲಿಲ್ಲ. ಹಿಂದಕ್ಕೆ ಹೆಜ್ಜೆ ಇಡುತ್ತಾ ಇಷ್ಟು ಬಲ ತುಂಬಬಲ್ಲವರು ತೀರಾ ವಿರಳ. ಒತ್ತಿ ಬರುವ ಹ್ಯಾಗ್ಲರ್ ಎದುರು ಈ ಕಲೆಗೆ ಬೆಲೆ ಹೆಚ್ಚು. 1951ರ ರಾಬಿನ್ಸನ್ ಹ್ಯಾಗ್ಲರ್ ಅವರನ್ನು ಕೂದಲೆಳೆಯಲ್ಲಿ ಗೆಲ್ಲುತ್ತಾರೆ, ಮೊನ್ಸೋನ್ ಎದುರು ಸೋಲುತ್ತಾರೆ ಎಂಬುದು ನನ್ನ ತೀರ್ಮಾನ.

ಪ್ರಶ್ನೆ: ಹಳಬರ ಪಟ್ಟಿಗಳಲ್ಲಿ ಹ್ಯಾರಿ ಗ್ರೆಬ್ ಮೊದಲ ಸ್ಥಾನದಲ್ಲಿರುತ್ತಾರೆ. ಅವರನ್ನು ಏಕೆ ಸೇರಿಸುವುದಿಲ್ಲ? (ಶಿವಮೊಗ್ಗದ ಓದುಗರು)

ಉತ್ತರ: ಸುಮಾರು 300 ಪಂದ್ಯಗಳನ್ನು ಆಡಿ, ಒಂದು ಕಣ್ಣಿನ ದೃಷ್ಟಿ ಹೋಗಿದ್ದನ್ನು ಮರೆಮಾಚಿ ವರ್ಷಗಟ್ಟಲೆ ಸೆಣಸಿ, 1922ರಲ್ಲಿ, ಮುಂದೆ ಹೆವಿವೇಟ್ ಚಾಂಪಿಯನ್ ಆದ ಜೀನ್ ಟನಿ ಅವರಿಗೆ ಅವರ ಬದುಕಿನ ಏಕೈಕ ಸೋಲನ್ನು ಉಣಿಸಿದವರು ಗ್ರೆಬ್. ಆದರೆ ತರಬೇತಿಯ ತುಣುಕಿನ ಹೊರತು ಅವರ ಒಂದು ಪಂದ್ಯದ ಚಿತ್ರಣವೂ ಉಳಿದುಬಂದಿಲ್ಲ. ದಾಖಲೆಯ ಮೇಲೆ ಅವರನ್ನು ಶ್ರೇಷ್ಠರೆಂದು ನಿಸ್ಸಂಕೋಚವಾಗಿ ಒಪ್ಪುತ್ತೇನೆ. ಕಾಲ್ಪನಿಕ ಪಂದ್ಯಕ್ಕೆ ಮಾತ್ರ ಶೈಲಿಯನ್ನು ಕಣ್ಣಾರೆ ಕಂಡಿರಬೇಕು.

ಪ್ರಶ್ನೆ: ಕಜಕಸ್ತಾನದ ಗೆನ್ನಾಡಿ ಗೊಲೊವ್ಕಿನ್ ಹ್ಯಾಗ್ಲರ್ ಎದುರು ನಿಲ್ಲಬಲ್ಲರೇ? ನಮ್ಮ ವಿಜೇಂದರ್ ಸಿಂಗ್ ಒಲಿಂಪಿಕ್ಸ್‌ನಲ್ಲಿ ಆಡಿದ್ದೂ ಇದೇ ತೂಕವೇ? (ಬೆಳಗಾವಿಯ ಓದುಗರು)

ಉತ್ತರ: ಹೆಸರು ಒಂದೇ, ತೂಕ ಬೇರೆ. ವಿಜೇಂದರ್ 2008ರಲ್ಲಿ ಬೀಜಿಂಗ್‌ನಲ್ಲಿ ಕಂಚು ಗೆದ್ದ ಮಿಡಲ್‌ವೇಟ್‌ನ ಮಿತಿ 75 ಕೆ.ಜಿ.; ವೃತ್ತಿಪರರದು 160 ಪೌಂಡ್, ಅಂದರೆ ಸುಮಾರು 72.5 ಕೆ.ಜಿ. ಗೊಲೊವ್ಕಿನ್ ವಿಷಯಕ್ಕೆ ಬಂದರೆ, 2017ರ ಮಾರ್ಚ್‌ನಲ್ಲಿ ಅವರ ಸತತ 23 ನಾಕೌಟ್‌ಗಳ ಓಟವನ್ನು ನಿಲ್ಲಿಸಿದ ಡ್ಯಾನಿ ಜೇಕಬ್ಸ್ ಅವರ ಪಂದ್ಯವನ್ನು ನೋಡಬೇಕು. ನಾಲ್ಕನೆಯ ಸುತ್ತಿನಲ್ಲಿ ಬಿದ್ದ ಜೇಕಬ್ಸ್ ಎದ್ದು ಎಡಗೈ ಶೈಲಿಗೆ ಬದಲಾದರು. ಅಲ್ಲಿಂದ ಮುಂದೆ ಗೊಲೊವ್ಕಿನ್‌ಗೆ ಅವರು ಸುಲಭವಾಗಿ ಸಿಗಲಿಲ್ಲ, ಗೆಲುವು ಅಲ್ಪ ಅಂತರದ್ದಾಯಿತು. ಎರಡೂ ಕೈಗಳಿಂದ ಸಮನಾಗಿ ಆಡಬಲ್ಲ ಹ್ಯಾಗ್ಲರ್ ಇದನ್ನು ಇನ್ನೂ ಚೆನ್ನಾಗಿ ಮಾಡುತ್ತಿದ್ದರು. ಆದರೆ ಜೇಕಬ್ಸ್ ಪಂದ್ಯದ ದಿನ ಬೆಳಗಿನ ಎರಡನೆಯ ತೂಕ ಪರೀಕ್ಷೆಗೆ ಹಾಜರಾಗದೆ ಭಾರವಾಗಿಯೇ ರಿಂಗ್‌ಗೆ ಬಂದಿದ್ದರು ಎಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಹಿಂದಿನ ದಿನ ತೂಕ ನೋಡಿ ರಾತ್ರಿಯಿಡೀ ದೇಹ ತುಂಬಿಕೊಳ್ಳಲು ಬಿಡುವ ಇಂದಿನ ಪದ್ಧತಿಯಲ್ಲಾದರೆ ಗೊಲೊವ್ಕಿನ್ ಕೊನೆಯ ಸುತ್ತಿನವರೆಗೂ ಪೈಪೋಟಿ ಕೊಡುತ್ತಾರೆ. ಪಂದ್ಯದ ದಿನವೇ ತೂಕ ನೋಡಿ 15 ಸುತ್ತುಗಳ ಪಂದ್ಯಕ್ಕೆ ಇಳಿಸಿದರೆ ಹ್ಯಾಗ್ಲರ್ ಅವರೇ ಗೆಲ್ಲುತ್ತಾರೆ, ಅದೂ ಸ್ಪಷ್ಟವಾಗಿ.