ಪಿಯುಸಿಯಲ್ಲೇ ಐಐಟಿ ಪಾಠ

‘ಮಗಳು ಪ್ರಥಮ ಪಿಯುಸಿ, ಪಿಸಿಎಂಸಿ. ಐಐಟಿಗಳ ಆನ್‌ಲೈನ್ ಪಾಠಗಳ ಎನ್‌ಪಿಟಿಇಎಲ್‌ನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕೋರ್ಸ್ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಪಿಯುಸಿಯವರನ್ನು ಸೇರಿಸಿಕೊಳ್ಳುತ್ತಾರಾ? ಆ ಕ್ರೆಡಿಟ್ ಮುಂದೆ ಎಂಜಿನಿಯರಿಂಗ್‌ನಲ್ಲಿ ಲೆಕ್ಕಕ್ಕೆ ಬರುತ್ತದಾ?’ ಎಂದು ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ: ಧಾರಾಳವಾಗಿ ಸೇರಬಹುದು. ಪಾಠ ಕೇಳುವುದಕ್ಕೆ ದುಡ್ಡಿಲ್ಲ, ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ. ಐಐಟಿ ರೋಪರ್‌ನವರ ‘ದಿ ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್’ ಹೊಸಬರಿಗೆಂದೇ ಮಾಡಿದ 12 ವಾರದ ಕೋರ್ಸು. ಅದರಿಂದ ಶುರು ಮಾಡಲಿ.

ಸೇರುವುದಾದರೆ ಜುಲೈ ತಂಡಕ್ಕೇ ಸೇರಲಿ. ಜನವರಿಯಲ್ಲಿ ಸೇರಿದರೆ ವಾರವಾರದ ಅಸೈನ್‌ಮೆಂಟು, ಕಾಲೇಜಿನ ವಾರ್ಷಿಕ ಪರೀಕ್ಷೆ ಎರಡೂ ಒಟ್ಟಿಗೇ ಮೈಮೇಲೆ ಬರುತ್ತವೆ. ದ್ವಿತೀಯ ಪಿಯುಸಿಯಲ್ಲಂತೂ ಸಿಇಟಿ ಇರುತ್ತದೆ, ಆ ಯೋಚನೆಯೇ ಬೇಡ.

ಅಂಕದ ಲೆಕ್ಕ ತಿಳಿದಿರಲಿ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಹನ್ನೆರಡು ಅಸೈನ್‌ಮೆಂಟುಗಳಲ್ಲಿ ಹೆಚ್ಚು ಅಂಕ ಬಂದ ಎಂಟನ್ನಷ್ಟೇ ಹಿಡಿಯುತ್ತಾರೆ, ಹಾಗಾಗಿ ಕಾಲೇಜಿನ ಕಿರುಪರೀಕ್ಷೆಯ ವಾರ ಒಂದೆರಡು ತಪ್ಪಿದರೆ ಗಾಬರಿ ಬೇಡ. ಆದರೆ 25ಕ್ಕೆ 10, 75ಕ್ಕೆ 30 ಬೇರೆ ಬೇರೆಯಾಗಿಯೇ ಬರಬೇಕು. ಅಸೈನ್‌ಮೆಂಟಿನಲ್ಲಿ 20 ಬಂದು ಪರೀಕ್ಷೆಯಲ್ಲಿ ನೂರಕ್ಕೆ 38 ತೆಗೆದರೆ ಒಟ್ಟು 48.5 ಆಗುತ್ತದೆ. ಆದರೂ ಪ್ರಮಾಣಪತ್ರ ಸಿಗುವುದಿಲ್ಲ, ಏಕೆಂದರೆ 38 ಎಂದರೆ 75ಕ್ಕೆ 28.5 ಅಷ್ಟೆ.

ಮಕ್ಕಳು ಎಡವುವುದೂ ಇಲ್ಲೇ. ಮನೆಯಲ್ಲಿ ಕೋಡನ್ನು ಕಂಪ್ಯೂಟರಿನಲ್ಲಿ ಓಡಿಸಿ, ಬಂದ ಉತ್ತರವನ್ನು ಗುರುತು ಹಾಕುತ್ತಾರೆ. ಪರೀಕ್ಷಾ ಕೇಂದ್ರದಲ್ಲಿ ಕೋಡನ್ನು ಓಡಿಸದೆ, ಓದಿಯೇ ಉತ್ತರ ಹೇಳಬೇಕು. ಲೂಪಿನ, ಅಂದರೆ ಮತ್ತೆ ಮತ್ತೆ ಓಡುವ ಕೋಡಿನ, ಪ್ರತಿ ಸುತ್ತಿಗೂ ಯಾವ ವೇರಿಯಬಲ್‌ನ ಬೆಲೆ ಎಷ್ಟಾಯಿತು ಎಂದು ಕಾಗದದ ಮೇಲೆ ಬರೆದು ನೋಡುವ ರೂಢಿ ಮೊದಲ ವಾರದಿಂದಲೇ ಆಗಲಿ.

ಕ್ರೆಡಿಟ್ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ‘ಸ್ವಯಂ’ (ಎನ್‌ಪಿಟಿಇಎಲ್ ಕೋರ್ಸುಗಳೂ ಇರುವ ಕೇಂದ್ರ ಸರ್ಕಾರದ ಆನ್‌ಲೈನ್ ವೇದಿಕೆ) ಮೂಲಕ ಮಾಡಬಹುದು, ನಿಜ. ಆದರೆ ಅದು ಪದವಿಗೆ ಸೇರಿದ ಮೇಲೆ, ವಿಶ್ವವಿದ್ಯಾಲಯ ಒಪ್ಪಿದ ಕೋರ್ಸುಗಳಿಗೆ. ಪಿಯುಸಿಯಲ್ಲಿ ಮಾಡಿದ್ದನ್ನು ಒಪ್ಪುವುದು ಬಿಡುವುದು ಮುಂದೆ ಸೇರುವ ಕಾಲೇಜಿಗೆ ಬಿಟ್ಟದ್ದು. ಕ್ರೆಡಿಟ್ ಬರದಿದ್ದರೂ ಮೊದಲ ಸೆಮಿಸ್ಟರಿನ ಪ್ರೋಗ್ರಾಮಿಂಗ್ ಅವಳಿಗೆ ಹಗುರಾಗುತ್ತದೆ. ನಮ್ಮ ಮಟ್ಟಿಗೆ ಅಷ್ಟು ಸಾಕು.

ಇನ್ನೊಂದು ಮಾತು. ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ನೋಂದಣಿ ಆದಂತಲ್ಲ. ಅದರ ಅರ್ಜಿ, ಕೊನೆಯ ದಿನಾಂಕ ಎರಡೂ ಬೇರೆ. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ. ಕೇಂದ್ರಕ್ಕೆ ಯಾವ ಗುರುತಿನ ಚೀಟಿ ಒಯ್ಯುತ್ತಾಳೋ ಅದರಲ್ಲಿರುವಂತೆಯೇ ಅರ್ಜಿಯಲ್ಲಿ ಹೆಸರು ತುಂಬಲಿ.