ಉಸಿರು ಬಿಡೋಕೂ ಪುರುಸೊತ್ತಿಲ್ಲ

ಅಡಿಕೆ ಕೊಯ್ಲಿನ ಸಮಯ. ತೀರ್ಥಹಳ್ಳಿ ಕಡೆಯಿಂದ ಒಬ್ಬರು ಶಿವಮೊಗ್ಗಕ್ಕೆ ನನ್ನ ಬಳಿ ಸಲಹೆ ಕೇಳಲು ಬಂದರು. ವಯಸ್ಸು ನಲವತ್ತರ ಮೇಲೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ನಾನು ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ಇಲ್ಲೂ ಹಾಗೇ ಇರಲಿ.

ಎದೆ ಹಿಡಿದ ಹಾಗಾಗುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಸಣ್ಣ ಮಾತಿಗೂ ಅತ್ತೆ ಮೇಲೆ ರೇಗುತ್ತಾರೆ, ಆಮೇಲೆ ಕೊಟ್ಟಿಗೆಗೆ ಹೋಗಿ ಅಳುತ್ತಾರೆ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಆಗಿತ್ತು. ಹೃದಯಕ್ಕೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಎದೆ ಬಿಗಿತ ಎಂದು ಬಂದವರನ್ನು ನಾನು ಮೊದಲು ಕೇಳುವುದು ಇದನ್ನೇ. ಅದು ಖಚಿತವಾಗದೆ ಉಸಿರಾಟ ಹೇಳಿಕೊಡುವುದು ತಪ್ಪು.

ಮನೆಯ ಕಥೆ ಮಲೆನಾಡಿನವರಿಗೆ ಗೊತ್ತಿರುವುದೇ. ಎರಡು ಎಕರೆ ತೋಟ. ಎಲೆಚುಕ್ಕಿ ರೋಗ ಬಿದ್ದು ಸೋಗೆ ಒಣಗುತ್ತಿದೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸೋಣ ಎಂದರೆ ಮಳೆ ಬಿಡುವು ಕೊಟ್ಟ ದಿನ ಮರ ಹತ್ತುವ ಕೊನೆಗಾರ ಸಿಗುವುದಿಲ್ಲ, ಕೊನೆಗಾರ ಸಿಕ್ಕ ದಿನ ಮಳೆ ಬಿಡುವುದಿಲ್ಲ. ಮಗನ ಇಂಜಿನಿಯರಿಂಗ್ ಸೀಟಿಗೆ ಮಾಡಿದ ಸಾಲ ಬೇರೆ.

"ಉಸಿರು ಬಿಡೋಕೂ ಪುರುಸೊತ್ತಿಲ್ಲ ಮೇಡಂ" ಅಂದರು.

ನಾವೆಲ್ಲ ದಿನಾ ಆಡುವ ಮಾತು. ಆದರೆ ಅಕ್ಕನ ವಿಷಯದಲ್ಲಿ ಅದು ಅಕ್ಷರಶಃ ನಿಜವಾಗಿತ್ತು.

ಅದು ತಿಳಿದದ್ದು ಹೀಗೆ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಅವರು ಉಸಿರಾಟದ ಅಭ್ಯಾಸ ಶುರು ಮಾಡಿದ್ದರು. ಜೋರಾಗಿ, ಮೇಲಿಂದ ಮೇಲೆ ಉಸಿರು ಎಳೆದುಕೊಂಡರು. ತಲೆ ಸುತ್ತಿತು, ಬೆರಳ ತುದಿ ಜುಮ್ಮೆಂದಿತು. ಹೆದರಿ ಬಿಟ್ಟುಬಿಟ್ಟರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ತಲೆಸುತ್ತು, ಜುಮ್ಮೆನ್ನುವುದು ಅದರಿಂದಲೇ.

"ಅಡಿಕೆ ಹೇಗೆ ಸುಲೀತೀರ, ತೋರಿಸಿ" ಅಂದೆ. ನಕ್ಕರು. ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದ ಹಾಗೆ ಪಾದ ಇಟ್ಟರು. ಎರಡೂ ಕೈಯಲ್ಲಿ ಕಾಯಿಯನ್ನು ಅಲಗಿಗೆ ಒತ್ತಿದರು, ತಿರುಗಿಸಿದರು, ಸಿಪ್ಪೆ ಎಸೆದರು, ಇನ್ನೊಂದು ಎತ್ತಿಕೊಂಡರು. ಎಲ್ಲ ಬರೀ ಗಾಳಿಯಲ್ಲಿ. ಒಂದು, ಎರಡು, ಮೂರು, ನಾಲ್ಕು ಕಾಯಿ. ಅಷ್ಟು ಹೊತ್ತೂ ಭುಜ ಕಿವಿಯ ಹತ್ತಿರ ಏರಿತ್ತು, ಉಸಿರು ಹೊರಗೇ ಬರಲಿಲ್ಲ. ಕೊಯ್ಲಿನಲ್ಲಿ ರಾತ್ರಿ ನಾಲ್ಕೈದು ಗಂಟೆ ಹೀಗೇ ಕೂರುತ್ತಾರೆ. ಫೋನ್ ಬಂದಾಗಲೂ, ಬಾಗಿಲಲ್ಲಿ ಯಾರೋ ಕರೆದಾಗಲೂ ಅದೇ ಬಿಗಿತ.

ಆಮೇಲೆ ಅವರದೇ ಮಣಿಕಟ್ಟಿನಲ್ಲಿ ನಾಡಿ ಹಿಡಿಯಲು ಹೇಳಿದೆ. ನಿಧಾನಕ್ಕೆ ಉಸಿರು ಎಳೆದುಕೊಳ್ಳುವಾಗ ಬಡಿತ ಚುರುಕಾಗುತ್ತದೆ, ಬಿಡುವಾಗ ಸ್ವಲ್ಪ ಸಾವಕಾಶವಾಗುತ್ತದೆ. ಉಸಿರು ಬಿಡುವಾಗ ವೇಗಸ್ ಎಂಬ ನರ ಹೃದಯದ ಓಟವನ್ನು ಸ್ವಲ್ಪ ನಿಧಾನ ಮಾಡುತ್ತದೆ. ಅಕ್ಕ ಕಣ್ಣು ಮುಚ್ಚಿ ಎರಡು ನಿಮಿಷ ಹಾಗೇ ಕೂತರು. "ಹೌದು ಮೇಡಂ, ಗೊತ್ತಾಗ್ತದೆ" ಅಂದಾಗ ಅವರ ಮುಖ ನೋಡಬೇಕಿತ್ತು.

ಸಲಹೆ ಇಷ್ಟೇ ಕೊಟ್ಟೆ. ಮೂಗಿನಲ್ಲಿ ನಾಲ್ಕು ಎಣಿಸುತ್ತಾ ತೆಗೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ನಿಮಿಷಕ್ಕೆ ಸುಮಾರು 6 ಉಸಿರು ಆಗುತ್ತದೆ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಎದೆ ತುಂಬ ಎಳೆಯಬೇಡಿ, ಬಿಡುವುದರ ಕಡೆ ಗಮನ ಇರಲಿ. ಮನಸ್ಸು ಸಾಲದ ಕಡೆ ಓಡುತ್ತದೆ, ಓಡಲಿ. ಓಡಿತು ಅಂತ ಗೊತ್ತಾದಾಗ ಬೈದುಕೊಳ್ಳದೆ ವಾಪಸ್ ಬನ್ನಿ. ಕಣ್ಣು ಮುಚ್ಚಿದರೆ ಹೆದರಿಕೆ ಜಾಸ್ತಿ ಆಗುವುದಾದರೆ ತೆರೆದೇ ಇರಿ, ಹಂಚಿನ ಮೇಲೆ ಬೀಳುವ ಹನಿ ಕೇಳಿ. ಸುಲಿಯುವಾಗ ಮಾತ್ರ ಎಣಿಕೆ ಬೇಡ. ಕಾಯಿ ಬುಟ್ಟಿಗೆ ಬೀಳುವಾಗ ಉಸಿರೂ ಬೀಳಲಿ.

ಇದರಿಂದ ಸಾಲ ತೀರುವುದಿಲ್ಲ ಎಂದೂ ಹೇಳಿದೆ. ಉಸಿರಾಟದ ಹೆಸರಲ್ಲಿ ಜನರಿಗೆ ಸುಳ್ಳು ಭರವಸೆ ಕೊಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಿದ್ದೆ, ಊಟ ಎರಡು ವಾರ ಕೆಟ್ಟರೆ, ಇಲ್ಲವೇ ಬದುಕೇ ಬೇಡ ಅನಿಸಿದರೆ ಉಸಿರು ಎಣಿಸುತ್ತಾ ಕೂರಬಾರದು. ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಅಕ್ಕನ ಫೋನಿನಲ್ಲಿ ನಾನೇ ಹಾಕಿಕೊಟ್ಟೆ.

ಎರಡನೇ ಭೇಟಿಯಲ್ಲಿ ಬರೆಯಲು ಹೇಳಿದೆ. ಹೊಸ ಪುಸ್ತಕ ಬೇಡ, ಡೈರಿಗೆ ಹಾಕುವ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆ ಸಾಕು. ಎದೆ ಬಿಗಿದಾಗ ಗಂಟೆ ಎಷ್ಟು, ಏನಾಯಿತು, ಮೈಯಲ್ಲಿ ಎಲ್ಲಿ ಗೊತ್ತಾಯಿತು, ಆಗ ನನಗೆ ನಾನೇ ಏನು ಹೇಳಿಕೊಂಡೆ. 'ಯಾಕೆ ಹೀಗೆ' ಎಂದು ಮಾತ್ರ ಕೇಳಿಕೊಳ್ಳಬೇಡಿ ಅಂದೆ. ಯಾಕೆ ಎಂದು ಹೊರಟರೆ ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತೇವೆ, ಅಲ್ವಾ?

ಮೂರು ವಾರದ ಬರಹ ನೋಡಿದಾಗ ಇಬ್ಬರಿಗೂ ಆಶ್ಚರ್ಯ. ಕಂತಿನ ದಿನಗಳು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಹೆಚ್ಚಿನವು ಸಂಜೆ ಆರರ ಆಸುಪಾಸಿನವು. ಗಂಡ ತೋಟದಿಂದ ಬಂದು, ಮಾತಾಡದೆ ಕಾಫಿ ಕುಡಿಯುವ ಹೊತ್ತು. ನಾಲ್ಕು ಕಡೆ ಒಂದೇ ಸಾಲು ಇತ್ತು: 'ಸೀಟು ಬೇಕು ಅಂತ ಹಠ ಮಾಡಿದವಳು ನಾನು.'

"ಅವರು ಹಾಗೆ ಅಂದಿದ್ದಾರಾ?" ಕೇಳಿದೆ.

ತುಂಬಾ ಹೊತ್ತು ಸುಮ್ಮನಿದ್ದರು. "ಇಲ್ಲ. ನಾನೂ ಕೇಳಿಲ್ಲ."

ಕೇಳಿ ಎಂದೆ. ಕಾಫಿ ಹೊತ್ತಲ್ಲಿ ಬೇಡ, ನಿಮ್ಮ ಐದು ನಿಮಿಷ ಮುಗಿದ ಮೇಲೆ.

ಅಕ್ಕ ಕೇಳಿದ ದಿನ ಗಂಡ ಉತ್ತರವನ್ನೇ ಕೊಡಲಿಲ್ಲವಂತೆ. ಮರುದಿನ ಬೆಳಿಗ್ಗೆ ತೋಟಕ್ಕೆ ಕರೆದುಕೊಂಡು ಹೋಗಿ, ಹೊಸ ಸುಳಿ ಬಿಟ್ಟ ಮರಗಳನ್ನು ಒಂದೊಂದಾಗಿ ತೋರಿಸಿದರಂತೆ. ಸೀಟಿನ ಮಾತು ಎತ್ತಲಿಲ್ಲ. "ನಾನು ಬಾಯಿ ಬಿಟ್ರೆ ನೀನು ಹೆದರ್ತೀಯ ಅಂತ ಸುಮ್ನಿದ್ದೆ" ಎಂದಷ್ಟೇ ಹೇಳಿದರಂತೆ.

ಸಾಲ ಇನ್ನೂ ಇದೆ. ಎರಡು ಗಂಟೆಗೆ ಎಚ್ಚರವಾಗುವುದು ವಾರಕ್ಕೆ ಒಂದೆರಡು ಸಲಕ್ಕೆ ಇಳಿದಿದೆ. ಈಗ ತಿಂಗಳಿಗೊಮ್ಮೆ ಬರುತ್ತಾರೆ. ಹೋದ ಸಲ ಲೆಕ್ಕದ ಪುಸ್ತಕ ಮುಗಿದಿತ್ತು. ಹೊಸದನ್ನು ಹಿಂದಿನ ಹಾಳೆಯಿಂದಲೇ ಶುರು ಮಾಡಿದ್ದಾರೆ.