ಒಂದು ಫೋನ್, ನಲವತ್ತು ಮಕ್ಕಳು, ಧ್ವಜಕಟ್ಟೆ ಹತ್ತಿರ ಮಾತ್ರ ನೆಟ್

ಓದುಗರ ಪತ್ರ: ತೀರ್ಥಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕಿ. ತರಬೇತಿಗೆ ಹೋದಾಗಲೆಲ್ಲ ಒಂದು ರಾಶಿ ಆಪ್‌ಗಳ ಹೆಸರು ಬರೆಸಿ ಕಳಿಸುತ್ತಾರೆ. ನಮ್ಮಲ್ಲಿ ತರಗತಿಗೆ 40 ಮಕ್ಕಳು. ನನ್ನದೊಂದು ಫೋನು, ಶಾಲೆಯದೊಂದು ಲ್ಯಾಪ್‌ಟಾಪು, ಪ್ರೊಜೆಕ್ಟರು. ನೆಟ್ ಸಿಗುವುದು ಧ್ವಜಕಟ್ಟೆ ಹತ್ತಿರ ಮಾತ್ರ. ಇದರಲ್ಲಿ ಯಾವುದು ನಿಜವಾಗಿ ಉಪಯೋಗಕ್ಕೆ ಬರುತ್ತದೆ? ಪ್ರಶ್ನೆಪತ್ರಿಕೆ ಟೈಪ್ ಮಾಡುವುದರಲ್ಲೇ ಭಾನುವಾರ ಮುಗಿಯುತ್ತದೆ, ಪೋಷಕರ ವಾಟ್ಸಾಪ್ ಗುಂಪು ರಾತ್ರಿ ಹನ್ನೊಂದಾದರೂ ಸುಮ್ಮನಾಗುವುದಿಲ್ಲ. ಅಂಕಗಳನ್ನೂ ಅಲ್ಲೇ ಹಾಕಿ ಅಂತ ಕೆಲವರ ಒತ್ತಾಯ ಬೇರೆ.

ಸಂಪಾದಕರ ಉತ್ತರ:

ಮೇಡಂ, ಮೊದಲು ಆ ಪಟ್ಟಿಯನ್ನು ಮಡಚಿ ಡ್ರಾಯರ್‌ನಲ್ಲಿಡಿ. ಆಪ್‌ಗಳ ಪಟ್ಟಿ ಮಾಡುವವರು ಸಾಮಾನ್ಯವಾಗಿ ಪ್ರತಿ ಮಗುವಿನ ಕೈಯಲ್ಲೂ ಒಂದು ಟ್ಯಾಬ್ಲೆಟ್ ಇದೆ ಅಂದುಕೊಂಡೇ ಮಾಡಿರುತ್ತಾರೆ. ನಿಮಗೆ ಬೇಕಾಗಿರುವುದು ಒಂದೇ ಫೋನಿನಲ್ಲಿ ನಡೆಯುವಂಥದ್ದು, ನೆಟ್ ಇಲ್ಲದಿದ್ದರೂ ಕೈಕೊಡದಂಥದ್ದು, ನಿಮ್ಮ ಕೆಲಸ ಕಡಿಮೆ ಮಾಡುವಂಥದ್ದು. ಈ ಮೂರರ ಜರಡಿ ಹಿಡಿದರೆ ಉಳಿಯುವುದು ನಾಲ್ಕೈದು, ಅಷ್ಟೇ ಸಾಕು.

ನೀವು ವಿಜ್ಞಾನದವರು, ಹಾಗಾಗಿ ನನಗೆ ತುಂಬಾ ಇಷ್ಟವಾದದ್ದನ್ನೇ ಮೊದಲು ಹೇಳುತ್ತೇನೆ. ಫೈಫಾಕ್ಸ್ ಅಂತ ಒಂದು ಉಚಿತ ಆಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಫೋನಿನೊಳಗಿರುವ ಮೈಕು, ವೇಗೋತ್ಕರ್ಷದ ಸೆನ್ಸರು ಇವನ್ನೆಲ್ಲ ಅಳತೆಯ ಉಪಕರಣ ಮಾಡಿಬಿಡುತ್ತದೆ, ಒಮ್ಮೆ ಹಾಕಿಕೊಂಡರೆ ನೆಟ್ ಬೇಡ. ಒಂಬತ್ತನೇ ತರಗತಿಗೆ ಶಬ್ದದ ವೇಗ ಹೇಳಿಕೊಡುತ್ತೀರಲ್ಲ, ಆ ದಿನ ಸಹೋದ್ಯೋಗಿಯ ಫೋನನ್ನೂ ಕೇಳಿ ಪಡೆಯಿರಿ. ಶಾಲೆಯ ಜಗಲಿಯಲ್ಲಿ ಎರಡನ್ನೂ 10 ಮೀಟರ್ ದೂರದಲ್ಲಿಟ್ಟು, ಎರಡರಲ್ಲೂ ಶಬ್ದಕ್ಕೆ ಓಡುವ ಸ್ಟಾಪ್‌ವಾಚ್ ತೆರೆಯಿರಿ. ಒಂದು ಫೋನಿನ ಪಕ್ಕ ನಿಂತ ಹುಡುಗ ಚಪ್ಪಾಳೆ ತಟ್ಟಿದರೆ ಅವನ ಗಡಿಯಾರ ತಕ್ಷಣ ಶುರುವಾಗುತ್ತದೆ, ಆ ಕಡೆಯದು ಶಬ್ದ ತಲುಪಿದ ಮೇಲೆ. ಆಮೇಲೆ ಆ ಕಡೆ ನಿಂತ ಹುಡುಗಿ ತಟ್ಟುತ್ತಾಳೆ, ಅವಳದು ಮೊದಲು ನಿಲ್ಲುತ್ತದೆ, ಇವನದು ಸ್ವಲ್ಪ ತಡವಾಗಿ. ಎರಡು ಸಮಯಗಳ ವ್ಯತ್ಯಾಸ ಅಂದರೆ ಶಬ್ದ ಆ ಕಡೆಗೆ 10, ಈ ಕಡೆಗೆ 10, ಒಟ್ಟು 20 ಮೀಟರ್ ಹೋಗಲು ತೆಗೆದುಕೊಂಡ ಹೊತ್ತು. ಅದು 0.058 ಸೆಕೆಂಡ್‌ನ ಆಸುಪಾಸು ಬಂದರೆ ವೇಗ ಸೆಕೆಂಡಿಗೆ 345 ಮೀಟರ್, ಪುಸ್ತಕದ ಅಂಕಿ ಅಲ್ವಾ! ಎಷ್ಟು ಸದ್ದಿಗೆ ಗಡಿಯಾರ ಓಡಬೇಕು ಅನ್ನುವುದನ್ನು ಮಾತ್ರ ಮೊದಲೇ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಪಕ್ಕದ ತರಗತಿಯವರು ಮಗ್ಗಿ ಹೇಳುವ ಸದ್ದಿಗೂ ಅದು ಓಡುತ್ತದೆ.

ಹತ್ತನೇ ತರಗತಿಯ ವಿದ್ಯುತ್ ಪಾಠಕ್ಕೆ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಈಗ ಹಲವು ಕನ್ನಡದಲ್ಲೂ ಸಿಗುತ್ತವೆ. ಧ್ವಜಕಟ್ಟೆ ಹತ್ತಿರ ನಿಂತು ಬೇಕಾದ ಒಂದನ್ನು ಇಳಿಸಿಕೊಂಡರೆ ಮುಗಿಯಿತು, ಆಮೇಲೆ ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ನೆಟ್ ಇಲ್ಲದೆಯೇ ತೆರೆಯುತ್ತದೆ. ವಿದ್ಯುತ್ ಮಂಡಲ ಕಟ್ಟುವ ಸಿಮ್ಯುಲೇಶನ್‌ನಲ್ಲಿ ಬ್ಯಾಟರಿಯ ಎರಡು ತುದಿಗೂ ಸುಮ್ನೆ ತಂತಿ ಸೇರಿಸಿದರೆ ಬೆಂಕಿ ಹತ್ತಿಕೊಳ್ಳುತ್ತದೆ, ಮಕ್ಕಳಿಗೆ ಶಾರ್ಟ್ ಸರ್ಕ್ಯೂಟ್ ಅಂದರೇನು ಅಂತ ಬೇರೆ ಹೇಳಬೇಕಾಗಿಲ್ಲ. ಹಾಗಂತ ನಿಜವಾದ ಬಲ್ಬು, ಸೆಲ್ಲು ಬೀರುವಿನಲ್ಲೇ ಉಳಿಯಬಾರದು. ಕೈಯಲ್ಲಿ ಮಾಡಬಹುದಾದ್ದನ್ನು ಕೈಯಲ್ಲೇ ಮಾಡಿಸಿ, ತಂತಿಯೊಳಗೆ ಎಲೆಕ್ಟ್ರಾನ್ ಹರಿಯುವುದು ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಪರದೆ.

ಸರ್ಕಾರದ ಕಲಿಕೆಯ ಆಪ್ ದೀಕ್ಷಾ ನಿಮಗೆ ಗೊತ್ತೇ ಇದೆ, 2017ರಿಂದ ಇದೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ಪಾಠ ತೆರೆಯುತ್ತದೆ. ವಿಡಿಯೋಗಳ ಗುಣಮಟ್ಟ ಒಂದೇ ಥರ ಇಲ್ಲ. ಮನೆಯಲ್ಲಿ ಮೊದಲು ಪೂರ್ತಿ ನೋಡಿ, ಇಷ್ಟವಾದರೆ ಮಾತ್ರ ಇಳಿಸಿಕೊಂಡು ಒಯ್ಯಿರಿ.

ಪ್ಲಿಕರ್ಸ್ ಅಂತೊಂದು ಬಹಳ ಚೆಂದದ ಉಪಾಯವೂ ಇದೆ. ಮಕ್ಕಳ ಕೈಯಲ್ಲಿ ಬರೀ ಕಾಗದದ ಕಾರ್ಡು, ಪ್ರತಿಯೊಂದಕ್ಕೂ ಬೇರೆ ಗುರುತು. ಯಾವ ಅಂಚು ಮೇಲಿದೆ ಅನ್ನುವುದೇ ಉತ್ತರ: ಎ, ಬಿ, ಸಿ ಅಥವಾ ಡಿ. ಅಕ್ಷರ ಸಣ್ಣದಾಗಿರುವುದರಿಂದ ಪಕ್ಕದವರನ್ನು ನೋಡಿ ಎತ್ತುವುದು ಕಷ್ಟ. ನೀವು ನಿಂತಲ್ಲಿಂದಲೇ ಕ್ಯಾಮೆರಾ ಆಡಿಸಿದರೆ ಯಾರು ಏನು ಹೇಳಿದರು ಅಂತ ಫೋನಿನಲ್ಲಿ ಬರುತ್ತದೆ. ಆದರೆ ಇದಕ್ಕೆ ನೆಟ್ ಬೇಕು, ನಿಮ್ಮ ತರಗತಿಯೊಳಗೆ ನಡೆಯುವುದು ಅನುಮಾನ. ಬೇಸರ ಬೇಡ. ಕಣ್ಣು ಮುಚ್ಚಿಸಿ, ಉತ್ತರದ ಸಂಖ್ಯೆಯಷ್ಟು ಬೆರಳನ್ನು ಎದೆಯ ಹತ್ತಿರ ಹಿಡಿಯಲು ಹೇಳಿದರೆ ಅರ್ಧ ನಿಮಿಷದಲ್ಲಿ ಅದೇ ಮಾಹಿತಿ ಸಿಗುತ್ತದೆ. ಇಲ್ಲಿ ಆಪ್ ಜಾಸ್ತಿ ಮಾಡುವುದು ಲೆಕ್ಕ ಇಡುವುದನ್ನು ಮಾತ್ರ.

ಇನ್ನು ನಿಮ್ಮ ಭಾನುವಾರದ ವಿಷಯ. ಟೈಪ್ ಮಾಡಬೇಡಿ, ಮಾತಾಡಿ. ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ಗೆ ಕನ್ನಡ ಸೇರಿಸಿಕೊಂಡು ಮೈಕಿನ ಗುರುತು ಒತ್ತಿ ಪ್ರಶ್ನೆ ಓದುತ್ತಾ ಹೋದರೆ ಅದು ಬರೆದುಕೊಳ್ಳುತ್ತದೆ. ಸೂತ್ರ, ಚಿಹ್ನೆ, ಪೂರ್ಣವಿರಾಮ ನೀವೇ ಸರಿಮಾಡಬೇಕು. ಹಳೆಯ ಪ್ರಶ್ನೆಪತ್ರಿಕೆ ಮುದ್ರಿತ ರೂಪದಲ್ಲಿದ್ದರೆ ಬೆಳಕಿನಲ್ಲಿ ಫೋನ್ ನೇರವಾಗಿ ಹಿಡಿದು ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಅದನ್ನು ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ, ಚಿತ್ರದ ಕೆಳಗೆ ಅಕ್ಷರ ಬಂದಿರುತ್ತದೆ. ಒತ್ತಕ್ಷರಗಳಲ್ಲಿ ಎಡವುತ್ತದೆ, ಒಮ್ಮೆ ಓದಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತ ಫೋನಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಂಡರೆ ಗಾಬರಿಯಾಗಬೇಡಿ, ಅದನ್ನು ಫೋನಿನಲ್ಲೂ ಓದಬರುವ ಯುನಿಕೋಡ್ ಅಕ್ಷರಕ್ಕೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಚಾಟ್‌ಜಿಪಿಟಿ, ಜೆಮಿನಿಯಂಥ ಎಐ ಆಪ್‌ಗಳಿಗೆ ಪ್ರಶ್ನೆ ತಯಾರಿಸಲು ಹೇಳಬಹುದು, ಆದರೆ ಅವು ಬಳಸುವ ಪದ ನಮ್ಮ ಪಠ್ಯಪುಸ್ತಕದ್ದೇ ಆಗಿರುವುದಿಲ್ಲ, ಉತ್ತರವೂ ಆಗಾಗ ತಪ್ಪು. ಲೆಕ್ಕ ಮಾಡಿ ನೋಡದೆ ಮಕ್ಕಳಿಗೆ ಕೊಡಬೇಡಿ.

ವಾಟ್ಸಾಪ್ ಗುಂಪಿಗೆ ಔಷಧ ಅದರೊಳಗೇ ಇದೆ. ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಬದಲಿಸಿ, ಶುಭೋದಯ ಅಲ್ಲಿಗೆ ನಿಲ್ಲುತ್ತದೆ. ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಅಂತ ಯಾರಾದರೂ ಹೇಳಬಹುದು, ಅದು ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ತಲುಪುವುದು, ಹಾಗಾಗಿ ಅರ್ಧ ಪೋಷಕರು ತಪ್ಪಿಹೋಗುತ್ತಾರೆ. ಫೋನಿನಲ್ಲಿ ಎರಡನೇ ಸಿಮ್ ಇದ್ದರೆ ಅದಕ್ಕೆ ವಾಟ್ಸಾಪ್ ಬಿಸಿನೆಸ್ ಹಾಕಿ ಶಾಲೆಯ ನಂಬರ್ ಮಾಡಿಕೊಳ್ಳಿ. ಸಂಜೆ ಆರರ ನಂತರ ಯಾರಾದರೂ ನಿಮಗೊಬ್ಬರಿಗೇ ಸಂದೇಶ ಕಳಿಸಿದರೆ ‘ನಾಳೆ ಉತ್ತರಿಸುತ್ತೇನೆ’ ಅಂತ ತಾನೇ ಹೇಳುವಂತೆ ಇಡಬಹುದು. ಮನೆಗೆಲಸವನ್ನು ಮಾತ್ರ ಅಲ್ಲಿ ಕೊಡಬೇಡಿ. ಅಪ್ಪ ಫೋನ್ ತಗೊಂಡು ತೋಟಕ್ಕೋ ಕೂಲಿಗೋ ಹೋದ ಮನೆಯ ಮಗುವಿಗೆ ಅದು ಸಿಗುವುದೇ ಇಲ್ಲ.

ಅಂಕಗಳನ್ನು ಗುಂಪಿಗೆ ಹಾಕುವ ಒತ್ತಾಯಕ್ಕೆ ಖಡಾಖಂಡಿತವಾಗಿ ಆಗೋದಿಲ್ಲ ಅನ್ನಿ. ಕಡಿಮೆ ಅಂಕ ಬಂದ ಮಗುವಿನ ಹೆಸರು ಊರವರೆಲ್ಲರ ಫೋನಿನಲ್ಲಿ ಯಾಕಿರಬೇಕು? 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರ ಮಾಹಿತಿಯ ವಿಷಯದಲ್ಲಿ ಪೋಷಕರ ಒಪ್ಪಿಗೆಗೆ ಒತ್ತು ಕೊಡುತ್ತದೆ, ವಾದ ಮಾಡುವವರಿಗೆ ಅದರ ಹೆಸರು ಹೇಳಿ. ಅಂಕ ಬೇಕಾದವರು ಪೋಷಕರ ಸಭೆಗೆ ಬಂದು ಉತ್ತರಪತ್ರಿಕೆಯನ್ನೇ ನೋಡಲಿ.